ಪಟ್ಟಿಯಲ್ಲಿಲ್ಲದ ಸೇತುವೆ

"ಸೇತ್ವೆ ಕೇಳಕ್ಕೆ ಬಂದಿಲ್ಲ ಕಣವ್ವ ಇವತ್ತು. ನಮ್ಮೋಳು ಕೊಟ್ಟಿದ್ದ ಅರ್ಜಿ ವಾಪಸ್ ಕೊಟ್ಬುಡು," ಎಂದು ಸಣ್ಣಯ್ಯ ಕಿಟಕಿಯ ಸರಳು ಹಿಡಿದು ನಿಂತ.

ಭಾನುಪ್ರಿಯಾ ತಲೆಯೆತ್ತಿದಳು. ಹಾಸನದ ಈ ಕಚೇರಿಯ ಕಂಪ್ಯೂಟರ್ ಮುಂದೆ ಅವಳು ಕೂತು ಎರಡು ವರ್ಷವಾಗಿತ್ತು. ಅಂದಿನಿಂದಲೂ ಈ ಮುದುಕ ಕೊಣನೂರಿನ ಕಡೆಯಿಂದ ತಿಂಗಳಿಗೊಮ್ಮೆ ಬಸ್ಸು ಹತ್ತಿ ಬರುತ್ತಿದ್ದ, ಜೊತೆಗೆ ಹೆಂಡತಿ ಮಲ್ಲಿಗಮ್ಮ. ನಾಲೆಗೆ ಅಡ್ಡ ಹಾಕಿದ ತೆಂಗಿನ ಮರದ ಮೇಲೆ ಜನ ಓಡಾಡುತ್ತಾರೆ, ಒಂದು ಕಾಲುಸೇತುವೆ ಬೇಕು. ಇಷ್ಟೇ ಅರ್ಜಿ.

"ಅಜ್ಜಿ ಬರಲಿಲ್ವಾ?"

"ಆ ಮರದ ಮ್ಯಾಲಿಂದ್ಲೇ ಜಾರುದ್ಲು. ನಾಲೇಲಿ ನೀರು ಬಿಟ್ಟಿದ್ರು." ಅವನು ಸುಮ್ಮನೆ ಕೆಮ್ಮಿದ. "ಮಗಳ ತಾವ ಕಲ್ತು ಅವ್ಳು ಸಯ್ನು ಆಕಿದ್ದು ಅದೊಂದೇ ಕಾಗ್ದಕ್ಕೆ. ಮನೇಲಿ ಮಡಿಕ್ಕತ್ತೀನಿ."

ಭಾನುಪ್ರಿಯಾ ಕೀಬೋರ್ಡಿನತ್ತ ತಿರುಗಿದಳು. ಅರ್ಜಿ ಹುಡುಕಲು ಅದರ ನಂಬರು ಬೇಕಿತ್ತು. ಜಿಲ್ಲೆಯ ನಾಲ್ಕು ಸಾವಿರ ಚಿಲ್ಲರೆ ಕಾಮಗಾರಿಗಳನ್ನು ಒಟ್ಟಿಗೆ ತೆರೆದರೆ ಕಂಪ್ಯೂಟರ್ ಹಟ ಹಿಡಿದು ಕೂತುಬಿಡುತ್ತದೆ. ಅದಕ್ಕೇ ಮುಂಚೆ ಈ ಕುರ್ಚಿಯಲ್ಲಿದ್ದ ಪ್ರೇಮಕುಮಾರಿ, "ಫಿಲ್ಟರಲ್ಲಿ 'ಚಾಲ್ತಿ' ಅನ್ನೋದಕ್ಕೆ ಮಾತ್ರ ಟಿಕ್ ಇರ್ಲಿ, ಮಿಕ್ಕಿದ್ದು ಮುಟ್ಬೇಡ" ಎಂದು ಹೇಳಿಕೊಟ್ಟಿದ್ದಳು. ಭಾನುಪ್ರಿಯಾ ಮುಟ್ಟಿರಲಿಲ್ಲ. ಪ್ರತಿ ತಿಂಗಳೂ ಊರಿನ ಹೆಸರು ಹೊಡೆದು, ಸೊನ್ನೆ ನೋಡಿ, "ಪಟ್ಟೀಲೇ ಇಲ್ಲ ತಾತ" ಎಂದು ಕಳಿಸಿದ್ದಳು.

ಇವತ್ತು ನಂಬರಿಗಾಗಿ ಆ ಟಿಕ್ ತೆಗೆದಳು. ಪರದೆಯ ಮೇಲಿನ ಚಕ್ರ ಬಹಳ ಹೊತ್ತು ಸುತ್ತಿ ನಿಂತಿತು. ಕಾಲುಸೇತುವೆ, ಅರ್ಜಿದಾರರು ಮಲ್ಲಿಗಮ್ಮ. ಮಂಜೂರಾಗಿ ಇಪ್ಪತ್ತು ತಿಂಗಳಾಗಿತ್ತು. ಆದರೆ ಅದರ ಮುಂದೆ 'ಚಾಲ್ತಿ' ಎಂದಿರಲಿಲ್ಲ, 'ಜಾಗದ ಒಪ್ಪಿಗೆ ಪತ್ರ ಬಾಕಿ' ಎಂದಿತ್ತು. ಅದರ ಕೆಳಗೆ ಕಳೆದ ಮಾರ್ಚಿನ ತಾರೀಕು: ಪತ್ರ ಬಾರದ ಕಾರಣ ರದ್ದು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರೆ. ಇಲ್ಲಿ ಹುಡುಕಿದವರು ಬೇರೆ, ಕೂಸಿಟ್ಟುಕೊಂಡು ಕೂತವಳು ಬೇರೆ.

ಸುಳ್ಳು ಹೇಳಬಹುದಿತ್ತು, ಅವನಿಗೆ ಓದಲು ಬಾರದು. ಆದರೂ ಹೇಳಿದಳು. "ಪಟ್ಟೀಲಿ ಇತ್ತು ತಾತ. ಮಂಜೂರಾಗಿತ್ತು. ನಾಲೆ ಪಕ್ಕದ ಜಾಗದವರು ಒಪ್ಪಿಗೆ ಬರೆದುಕೊಡಬೇಕಿತ್ತು. ನಾನು ಸರಿಯಾಗಿ ನೋಡ್ಲಿಲ್ಲ. ನಂದೇ ತಪ್ಪು."

"ಆ ಜಾಗ ನಂದೇ ಅಲ್ವವ್ವ," ಎಂದ ಸಣ್ಣಯ್ಯ. "ಕೇಳಿದ್ರೆ ಕೊಡ್ತಿರ್ಲಿಲ್ವಾ?"

ಅವನು ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಎದ್ದು ಹೋಗಿ ಕಡತ ತಂದು, ಅರ್ಜಿ ಬಿಡಿಸಿ ಅವನ ಕೈಗೆ ಕೊಟ್ಟಳು. ಕೆಳಗೆ ಮಲ್ಲಿಗಮ್ಮನ ಸಹಿ ಗೆರೆ ಬಿಟ್ಟು ಇಳಿಜಾರಾಗಿ ಹೋಗಿತ್ತು.

"ಒಪ್ಗೆ ಈಗ್ಲೂ ಕೊಟ್ರೆ ಆಯ್ತದಾ?" ಎಂದು ಕೇಳಿದ ಅವನು.

"ಮತ್ತೆ ತೆರೆಸಬಹುದು." ಅವಳು ಅವನ ಕೈಯಲ್ಲಿದ್ದ ಕಾಗದದತ್ತ ನೋಡಿದಳು. "ಆದರೆ ಮೂಲ ಅರ್ಜಿ ಕಡತದಲ್ಲೇ ಇರ್ಬೇಕು ತಾತ. ಜೆರಾಕ್ಸ್ ನಡೆಯಲ್ಲ."

ಸಣ್ಣಯ್ಯ ಬಹಳ ಹೊತ್ತು ಸಹಿಯನ್ನೇ ನೋಡಿದ. ಅದರ ಮೇಲೊಮ್ಮೆ ಬೆರಳಾಡಿಸಿದ. ಆಮೇಲೆ ಕಾಗದವನ್ನು ಸರಳುಗಳ ನಡುವೆ ಮೆಲ್ಲಗೆ ಒಳಕ್ಕೆ ತಳ್ಳಿ, ಮೇಜಿನ ಮೇಲಿದ್ದ ಇಂಕ್ ಪ್ಯಾಡಿನತ್ತ ಎಡಗೈ ಹೆಬ್ಬೆರಳು ಚಾಚಿದ.