ಗೋಡೆ ಮಿರ್ಜಾ

ಮಿರ್ಜಾ ಹಿದಾಯತುಲ್ಲಾ ಬೀದಿಯ ನಡುಮಧ್ಯೆ ನಡೆದದ್ದನ್ನು ನಮ್ಮ ಬಂದರಿನಲ್ಲಿ ಕಂಡವರಿಲ್ಲ. ಬಿಸಿಲಿರಲಿ, ನೆರಳಿರಲಿ, ಬಲಭುಜ ಗೋಡೆಯನ್ನು ಸವರುವಷ್ಟು ಹತ್ತಿರದಲ್ಲಿ, ತಲೆಯನ್ನು ತುಸು ತಗ್ಗಿಸಿ, ಎತ್ತುವ ಮೊದಲೇ ಹೆಜ್ಜೆಯನ್ನು ಎಲ್ಲಿಡಬೇಕೆಂದು ನಿಶ್ಚಯಿಸಿಕೊಂಡವರಂತೆ ಅವರು ಸಾಗುತ್ತಿದ್ದರು. ಅವರ ಬೂದುಬಣ್ಣದ ಉದ್ದಕೋಟಿನ ಬಲತೋಳಿನ ಮೇಲೆ ಸುಣ್ಣದ ಬಿಳಿಯ ಪಟ್ಟೆಯೊಂದು ವರ್ಷವಿಡೀ ಇರುತ್ತಿತ್ತು. ಮೀನು ಮಾರುವ ಹೆಂಗಸರು ಅವರಿಗೆ ಗೋಡೆ ಮಿರ್ಜಾ ಎಂದು ಹೆಸರಿಟ್ಟಿದ್ದರು. "ಜರುಗ್ರೇ, ಗೋಡೆ ಬರ್ತಾ ಇದೆ" ಎಂದು ಅವರಿಗೆ ಕೇಳಿಸುವಂತೆಯೇ ಕೂಗುತ್ತಿದ್ದರು. ಮಿರ್ಜಾ ನಗುತ್ತಲೂ ಇರಲಿಲ್ಲ, ಸಿಟ್ಟಾಗುತ್ತಲೂ ಇರಲಿಲ್ಲ. "ಗೋಡೆ ಪಕ್ಕದಲ್ಲಿದ್ರೆ ಒಂದು ದಿಕ್ಕಿನ ಚಿಂತೆ ಕಡಿಮೆ ಕಣಯ್ಯಾ ಲುತ್ಫಲಿ" ಎಂದು ಒಮ್ಮೆ ನನಗೆ ಹೇಳಿದ್ದರು.

ಉಳಿದ ದಿಕ್ಕುಗಳ ಚಿಂತೆಯನ್ನು ನಾನು ಒಂಬತ್ತು ವರ್ಷ ಹತ್ತಿರದಿಂದ ಕಂಡೆ. ಅವರು ನಮ್ಮ ಬಂದರಿನ ಕಾರ್ಗುಜಾರ್, ಅಂದರೆ ಪರದೇಶಿಗಳಿಗೂ ನಮ್ಮವರಿಗೂ ನಡುವೆ ಏಳುವ ವ್ಯಾಜ್ಯಗಳನ್ನು ವಿಚಾರಿಸಲು ಶಾಹ ನೇಮಿಸಿದ ಅಧಿಕಾರಿ. ನಾನು ಅವರ ಲೇಖಕ, ನಾಲ್ಕು ಮಕ್ಕಳ ತಂದೆ, ಅಕ್ಷರ ದುಂಡಗಿರುವುದೊಂದನ್ನು ಬಿಟ್ಟರೆ ಬೇರೆ ಯೋಗ್ಯತೆಯಿಲ್ಲದವನು. ಊರಿನ ಉತ್ತರಕ್ಕೆ ಹಾಕಿಮನ ಕೋಟೆ. ಬಂದರಿನ ಆಡಳಿತ, ಸೆರೆಮನೆ, ಅಂಗಾಲಿಗೆ ಬೀಳುವ ಬೆತ್ತ ಎಲ್ಲವೂ ಅಲ್ಲಿ. ದಕ್ಷಿಣಕ್ಕೆ, ಕಡಲಿಗೆ ಮುಖಮಾಡಿ, ಇಂಗ್ಲಿಷ್ ಸರ್ಕಾರದ ಪ್ರತಿನಿಧಿ ಕಾನ್ಸಲನ ಬಂಗಲೆ. ಅದರ ಅಂಗಳದಲ್ಲಿ ಹಡಗಿನ ಪಟಸ್ತಂಭದಷ್ಟು ಎತ್ತರದ ಬಾವುಟದ ಕಂಬ, ಬಾಗಿಲಲ್ಲಿ ಹಿಂದುಸ್ತಾನದ ಸಿಪಾಯಿಗಳು. ಈ ಎರಡು ಬಾಗಿಲುಗಳ ನಡುವೆ ಓಡಾಡುವ ಪ್ರತಿಯೊಂದು ಕಾಗದವೂ ನಮ್ಮ ಕೋಣೆಯನ್ನು ಹಾದೇ ಹೋಗಬೇಕಿತ್ತು.

ಒಮ್ಮೆ ಕಾನ್ಸಲನ ಕುದುರೆ ಕಲ್ಲಂಗಡಿ ಮಾರುವವನ ಕತ್ತೆಯನ್ನು ಒದ್ದಿತು. ಕತ್ತೆಯದೇ ತಪ್ಪೆಂದು ಬಂಗಲೆಯವರು, ಕುದುರೆಯದೆಂದು ಕೋಟೆಯವರು. ಮೂರು ವಾರ ಪತ್ರವ್ಯವಹಾರ ನಡೆದು, ಹನ್ನೊಂದು ಕರಡುಗಳನ್ನು ಹರಿದ ಮೇಲೆ, ಮಿರ್ಜಾ ಹೊರಡಿಸಿದ ತೀರ್ಪಿನ ಸಾರ ಇಷ್ಟೇ: 'ಸದರಿ ದಿನದಂದು ಎರಡು ಪ್ರಾಣಿಗಳು ಪರಸ್ಪರ ಸಂಧಿಸಿದವು.' ಊರೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಆ ಪತ್ರಕ್ಕೆ ಮುದ್ರೆ ಒತ್ತುವಾಗ ಅವರ ಕೈ ನಡುಗುತ್ತಿದ್ದುದನ್ನು ಕಂಡವನು ನಾನೊಬ್ಬನೇ.

ಅವರು ಯಾರ ಮನೆಯಲ್ಲೂ ಉಣ್ಣುತ್ತಿರಲಿಲ್ಲ. ಅವರಿಗಿಂತ ಮೊದಲಿದ್ದ ಕಾರ್ಗುಜಾರರನ್ನು ಹಾಕಿಮ ಊಟಕ್ಕೆ ಕರೆದು, ಕುಂಕುಮಕೇಸರಿಯ ಅನ್ನ ಬಡಿಸಿ, ಕೈ ತೊಳೆಯಲು ನೀರು ತರುವಷ್ಟರಲ್ಲಿ ಸಂಕೋಲೆ ತರಿಸಿದ್ದ. ಹೇಸರಗತ್ತೆಯ ಮೇಲೆ ಮೇಲ್ನಾಡಿನ ಕೋಟೆಗೆ ಹೋದ ಆ ಮನುಷ್ಯ ಹಿಂದಿರುಗಲಿಲ್ಲ. ಅಂದಿನಿಂದ ಹಬ್ಬದ ಔತಣಗಳಲ್ಲಿ ಮಿರ್ಜಾ ತಟ್ಟೆಯ ಮುಂದೆ ಕೂತು, ಬೆರಳಿಗೆ ಅನ್ನ ತಾಕಿಸಿದಂತೆ ಮಾಡಿ, ಹಸಿದೇ ಮನೆಗೆ ಬರುತ್ತಿದ್ದರು.

ಅಂಥವರ ಪಾಲಿಗೆ ಸನೋಬರಳ ಪ್ರಕರಣ ಬಂತು.

ಬಿಸಿಲು ನೆತ್ತಿಗೇರಿ, ಅಂಗಡಿಯವರು ಪರದೆ ಇಳಿಬಿಟ್ಟು ಮಲಗಿದ್ದ ಹೊತ್ತು. ಹಾಕಿಮನ ಭಾವಮೈದುನ ಸುಹ್ರಾಬ್ ಖಾನನ ಮನೆಯ ದಾಸಿಯೊಬ್ಬಳು ಬರಿಗಾಲಲ್ಲಿ ಓಡಿಬಂದು, ಸಿಪಾಯಿಗಳ ನಡುವೆ ನುಗ್ಗಿ, ಕಾನ್ಸಲನ ಬಾವುಟದ ಕಂಬವನ್ನು ತಬ್ಬಿಕೊಂಡಳು. ಹಾಗೆ ತಬ್ಬಿದವರನ್ನು ಎಳೆದೊಯ್ಯುವಂತಿರಲಿಲ್ಲ, ಅದು ನಮ್ಮ ಕಡೆಯ ರೂಢಿ. ಆದರೆ ಬಿಡುಗಡೆಯ ಪತ್ರ ಸಿಗಬೇಕಾದರೆ ಒಂದು ಮಾತು ಸಾಬೀತಾಗಬೇಕಿತ್ತು. ಕಡಲ ಮಾರ್ಗವಾಗಿ ದಾಸರನ್ನು ತರಬಾರದೆಂದು ಇಪ್ಪತ್ತು ವರ್ಷದ ಹಿಂದೆಯೇ ಶಾಹನ ಫರ್ಮಾನು ಹೊರಟಿತ್ತು. ಅದಾದ ಮೇಲೆ ಹಾಗೆ ತಂದವಳಾದರೆ ಆಕೆ ಸ್ವತಂತ್ರಳು. ಯಜಮಾನನ ಮನೆಯಲ್ಲೇ ಹುಟ್ಟಿದವಳಾದರೆ ಮರಳಿ ಅಲ್ಲಿಗೇ. ಯಾವುದು ನಿಜವೆಂದು ಬರೆದುಕೊಡಬೇಕಾದವರು ಕಾರ್ಗುಜಾರರು.

ಹಾಕಿಮ ಅಂದೇ ಸಂಜೆ ಕರೆಸಿದ. ದಿಂಬಿಗೊರಗಿ ಬೀಸಣಿಗೆ ಹಾಕಿಸಿಕೊಳ್ಳುತ್ತ, "ಏನ್ ಸೆಖೆ ಮಿರ್ಜಾ! ಮೇಲ್ನಾಡಲ್ಲಿ ತಂಪಂತೆ. ನಿಮ್ಮ ಹಿಂದಿನವ್ರು ಅಲ್ಲೇ ಉಳ್ಕೊಂಡ್ರು ನೋಡಿ" ಎಂದ. ಆಮೇಲೆ, "ಆ ಹೆಂಗಸು ನಮ್ಮ ಸುಹ್ರಾಬನ ಮನೇಲೇ ಹುಟ್ಟಿದ್ದು. ಒಂದು ಸಾಲು ಬರೆದ್ರೆ ಮುಗೀತು."

ಮರುದಿನ ಬೆಳಿಗ್ಗೆ ಕಾನ್ಸಲ ಕರೆಸಿದ. ಆತನದು ಪುಸ್ತಕದಿಂದ ಕಲಿತ ಫಾರಸಿ, ನಯವಾದ ಧ್ವನಿ. "ಸತ್ಯವನ್ನೇ ಬರೀಬೇಕು, ಮಿರ್ಜಾ. ಇಲ್ಲದಿದ್ರೆ ನಿಮ್ಮ ಹೆಸರು ಹಾಕಿ ರಾಜಧಾನಿಗೆ ತಂತಿ ಕಳಿಸ್ಬೇಕಾಗುತ್ತೆ."

ಹೆಂಗಸನ್ನು ವಿಚಾರಿಸಲು ನಾವು ಅಂಗಳಕ್ಕೆ ನಡೆದೆವು. ಆಕೆ ತನ್ನ ತಲೆವಸ್ತ್ರದಿಂದಲೇ ಒಂದು ಕೈಯನ್ನು ಕಂಬಕ್ಕೆ ಕಟ್ಟಿಕೊಂಡಿದ್ದಳು, ನಿದ್ದೆ ಬಂದರೂ ಹಿಡಿತ ತಪ್ಪದಿರಲೆಂದು. ಮೂವತ್ತರ ಆಸುಪಾಸು. ಒಂದು ಕಿವಿಯ ಹಾಲೆ ಹರಿದಿತ್ತು. ಮಿರ್ಜಾ ಎದುರಿಗೆ ಕುಕ್ಕರಿಸಿದರು. ನಾನು ಮೊಣಕಾಲ ಮೇಲೆ ಹಲಗೆಯಿಟ್ಟು ಲೇಖನಿ ಅದ್ದಿದೆ.

"ಹೆಸರು?"

"ಇಲ್ಲಿ ಸನೋಬರ್ ಅಂತಾರೆ."

"ಎಲ್ಲಿ ಹುಟ್ಟಿದ್ದು?"

"ನೀರಿನಾಚೆ. ಊರಿನ ಹೆಸರು ಹೇಳಿದ್ರೆ ನಿಮಗೆ ಬರಿಯಕ್ಕೆ ಬರಲ್ಲ."

"ಯಾವಾಗ ಬಂದೆ?"

"ಹದಿಮೂರು ವರ್ಷ ಆಯ್ತು. ಖರ್ಜೂರ ಕೀಳೋ ಕಾಲ. ಹಡಗಿನ ತಳದಲ್ಲಿ, ಒಣಮೀನಿನ ಮೂಟೆಗಳ ಹಿಂದೆ. ಆರು ಜನ ಇದ್ವಿ."

"ಇದಕ್ಕೆ ಸಾಕ್ಷಿ ಯಾರಾದರೂ ಇದ್ದಾರಾ?"

ಆಕೆ ಅವರ ಮುಖವನ್ನು ಬಹಳ ಹೊತ್ತು ನೋಡಿದಳು. "ಇದ್ದಾರೆ. ದಡ ಮುಟ್ಟಿದ ದಿನ ಸುಂಕದ ಅಧಿಕಾರಿ ಒಬ್ರು ಲಾಟೀನು ಹಿಡ್ಕೊಂಡು ಕೆಳಗೆ ಬಗ್ಗಿದ್ರು. ನನ್ನ ತಂಗಿ ಅವರ ತೋಳು ಹಿಡ್ಕೊಂಡ್ಳು. ಅವರು ಬಿಡಿಸ್ಕೊಂಡು ಮೇಲೆ ಹೋಗಿ ಏನೋ ಅಂದ್ರು. ಆವಾಗ ನನಗೆ ಈ ಭಾಷೆ ಬರ್ತಿರ್ಲಿಲ್ಲ, ಶಬ್ದ ಮಾತ್ರ ನೆನಪಿಟ್ಕೊಂಡೆ. ಕಲಿತ ಮೇಲೆ ಗೊತ್ತಾಯ್ತು. 'ಒಣಮೀನು, ಮತ್ತೇನಿಲ್ಲ' ಅಂದಿದ್ರು."

"ಅವರ ಮುಖ ನೆನಪಿದೆಯಾ?" ಮಿರ್ಜಾ ಅಂದದ್ದು ಆಕೆಗೆ ಕೇಳಿಸಲಿಲ್ಲ, ನಾನೇ ಆ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಬೇಕಾಯಿತು.

"ನನ್ನೆದುರಿಗೇ ಕೂತಿದ್ದಾರೆ" ಎಂದಳು.

ಕಾರ್ಗುಜಾರರಾಗುವ ಮುನ್ನ ಮಿರ್ಜಾ ಸುಂಕದ ಕಟ್ಟೆಯಲ್ಲಿ ಹಡಗುಗಳ ತಪಾಸಣೆ ಮಾಡುತ್ತಿದ್ದುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ನನ್ನ ಲೇಖನಿ ನಿಂತಿತು. ಅವರು ಏಳಲು ನೋಡಿ, ಮತ್ತೆ ಅಂಗೈಯನ್ನು ನೆಲಕ್ಕೂರಿ ಹಾಗೆಯೇ ಕೂತರು. "ನಿನ್ನ ತಂಗಿ?" ಎಂದರು.

"ಮೊದಲನೇ ಚಳಿಗಾಲಕ್ಕೇ ಹೋದ್ಳು."

ಕಚೇರಿಗೆ ಮರಳಿ ಅವರು ಬಾಗಿಲಿಗೆ ಅಗುಳಿ ಹಾಕಿದರು. ಮೊದಲು ಬರೆಸಿದ್ದು ಹಾಕಿಮ ಬಯಸಿದ ಸಾಲನ್ನೇ: 'ಈಕೆ ಯಜಮಾನನ ಗೃಹದಲ್ಲೇ ಜನಿಸಿದವಳೆಂದು ವಿಚಾರಣೆಯಿಂದ ತಿಳಿದುಬಂದಿದೆ.' ನಾನು ಬರೆದೆ. ಅದು ಸುಳ್ಳೆಂದು ತಿಳಿದೂ ನನ್ನ ಅಕ್ಷರ ಎಂದಿನಷ್ಟೇ ದುಂಡಗಿತ್ತು. ಅವರು ಮುದ್ರೆಯನ್ನು ತೆಗೆದು ಅದರ ಮೇಲೆ ಉಸಿರೂದಿದರು. ಅದು ಕಾಗದದ ಅಂಚಿನಲ್ಲಿ ನಾಲ್ಕು ಕಡೆ ಮಸಿ ಮಾಡಿತು. ಕಾಗದವನ್ನು ಮಡಿಸಿದರು, ಬಿಚ್ಚಿದರು, ಕಡೆಗೆ ಹರಿದರು.

"ಆವತ್ತು ಹೆದರ್ಕೊಂಡು ಸುಳ್ಳು ಹೇಳ್ದೆ, ಲುತ್ಫಲಿ. ಹೇಳಿದ್ಮೇಲಾದ್ರೂ ಹೆದರಿಕೆ ಹೋಯ್ತಾ? ಹದಿಮೂರು ವರ್ಷದಿಂದ ಯಾವನಾದ್ರೂ ತೋಳು ಮುಟ್ಟಿದ್ರೆ ಬೆಚ್ಚಿಬೀಳ್ತೀನಿ. ಇನ್ನೊಂದು ಕಾಗದ ತಗೋ."

ಎರಡನೆಯದನ್ನು ಅವರು ಕಣ್ಣುಮುಚ್ಚಿ ಹೇಳಿದರು. 'ಈಕೆಯನ್ನು ಕಡಲ ಮಾರ್ಗವಾಗಿ ತಂದಿಳಿಸಿದ್ದನ್ನು ಈ ಅಧಿಕಾರಿಯೇ ಕಣ್ಣಾರೆ ಕಂಡಿದ್ದಾನೆ. ಕಂಡು, ಕಾಣಲಿಲ್ಲವೆಂದು ಸುಳ್ಳು ಹೇಳಿದ್ದಾನೆ.'

ನಾನು ತಡೆದೆ. "ಎರಡನೇ ಮಾತು ಯಾಕೆ, ಮಿರ್ಜಾ ಸಾಹೇಬ್ರೆ? ಮೊದಲನೇದೇ ಸಾಕಲ್ಲ."

"ಎರಡನೇದಿಲ್ದೆ ಮೊದಲನೇದನ್ನ ಯಾರಪ್ಪಾ ನಂಬ್ತಾರೆ?"

ಎರಡು ಪ್ರತಿ ಮಾಡಿಸಿ, ಒಂದನ್ನು ತಾವೇ ಬಂಗಲೆಗೆ ಒಯ್ದರು. ಇನ್ನೊಂದನ್ನು ಕೋಟೆಗೆ ಮುಟ್ಟಿಸುವ ಪಾಡು ನನ್ನದಾಯಿತು. ಅಲ್ಲಿನ ಜವಾನರ ಮುಖ್ಯಸ್ಥ ಬಾಗಿಲಲ್ಲೇ ಅದನ್ನು ಒಡೆದು ಓದಿ, ನನ್ನ ಚಪ್ಪಲಿಗಳ ಕಡೆ ನೋಡಿ, "ನಿಮ್ಮ ಮಿರ್ಜಾಗೆ ತನ್ನ ಅಂಗಾಲಿನ ಮೇಲೆ ಆಸೆ ಇಲ್ವೇನಯ್ಯಾ? ನಿನಗಿದೆ ತಾನೇ?" ಎಂದ. ನಾನು ಬರೆದವನಷ್ಟೇ, ಹೇಳಿದವನಲ್ಲ ಎಂದು ಮೂರು ಸಲ ಹೇಳಿದೆ.

ಮರುದಿನ ಸನೋಬರಳಿಗೆ ಬಿಡುಗಡೆಯ ಪತ್ರ ಸಿಕ್ಕಿತು. ಅದರ ಮಾರನೆಯ ದಿನ ಟಪಾಲು ಹಡಗಿನಲ್ಲಿ ಆಕೆ ಹೊರಟುಹೋದಳು. ಮಿರ್ಜಾರಿಗೆ ಒಂದು ಮಾತನ್ನೂ ಹೇಳಿ ಕಳಿಸಲಿಲ್ಲ, ಅವರೂ ಅದನ್ನು ನಿರೀಕ್ಷಿಸಿರಲಿಲ್ಲ. ಆ ದಿನಗಳಲ್ಲಿ ಅವರು ವೇಳೆಗೆ ಸರಿಯಾಗಿ ಕಚೇರಿಗೆ ಬಂದು, ಕುತ್ತಿಗೆಯವರೆಗೂ ಗುಂಡಿ ಹಾಕಿಕೊಂಡು, ಮೆಟ್ಟಿಲ ಮೇಲೆ ಕೇಳುವ ಪ್ರತಿಯೊಂದು ಸಪ್ಪಳಕ್ಕೂ ಬಿಳಿಚಿಕೊಳ್ಳುತ್ತ ಕೂತಿರುತ್ತಿದ್ದರು. ನೀರು ಮಾರುವವನು ಬಂದರೂ ಹಾಗೆಯೇ, ಬೆಕ್ಕು ಹಾರಿದರೂ ಹಾಗೆಯೇ. ನಾಲ್ಕನೆಯ ಬೆಳಿಗ್ಗೆ ಬಂದವರು ಕೋಟೆಯ ಜವಾನರೇ. ಆಗ ಮಿರ್ಜಾ ವೀರರಂತೆ ಎದ್ದುನಿಂತರೆಂದು ನಾನು ಬರೆದರೆ ಅದು ಸುಳ್ಳಾದೀತು. ಅವರು ಅತ್ತರು, ವಾಂತಿ ಮಾಡಿಕೊಂಡರು, ಮೇಜಿನ ಕಾಲನ್ನು ಹಿಡಿದುಕೊಂಡರು. ಇಬ್ಬರು ಎತ್ತಿಕೊಂಡೇ ಹೋಗಬೇಕಾಯಿತು. ಆದರೆ ಪತ್ರ ಹಿಂತೆಗೆದುಕೊಳ್ಳುತ್ತೀಯಾ ಎಂದು ಮುಖ್ಯಸ್ಥ ಕೇಳಿದಾಗ, ಹಲ್ಲು ಕಟಕಟಿಸುತ್ತಿದ್ದರೂ, ಇಲ್ಲವೆಂದು ತಲೆಯಾಡಿಸಿದರು.

ಕಾನ್ಸಲನಲ್ಲಿಗೆ ಅವರ ಹೆಂಡತಿ ಓಡಿದರು. ಅಧಿಕಾರಿಯೇ ತಪ್ಪೊಪ್ಪಿಕೊಂಡಿರುವುದರಿಂದ ಇದು ಶಾಹನ ಸರ್ಕಾರದ ಆಂತರಿಕ ವಿಷಯ, ಮಧ್ಯೆ ಬರುವಂತಿಲ್ಲ, ವಿಷಾದವಿದೆ ಎಂದು ಒಳ್ಳೆಯ ಕಾಗದದ ಮೇಲೆ ಉತ್ತರ ಬಂತು.

ಹದಿನಾಲ್ಕು ತಿಂಗಳ ಮೇಲೆ ಮೇಲ್ನಾಡಿನಿಂದ ಹಿಂದಿರುಗಿದಾಗ ಅವರ ಅಂಗಾಲುಗಳು ನೆಲವನ್ನು ಪೂರ್ತಿ ಮುಟ್ಟುತ್ತಿರಲಿಲ್ಲ. ಹುದ್ದೆ ಹೋಗಿತ್ತು. ನಾನು ಹೊಸ ಕಾರ್ಗುಜಾರರ ಲೇಖಕನಾಗಿ ಅದೇ ಹಲಗೆಯ ಮುಂದೆ ಕೂತಿದ್ದೆ, ಅವರ ಓಣಿಯನ್ನು ಬಳಸಿಕೊಂಡು ದೂರದ ದಾರಿಯಲ್ಲಿ ಮನೆಗೆ ಹೋಗುತ್ತಿದ್ದೆ. ಅವರನ್ನು ನೋಡಲು ಹೋಗಬೇಕೆನಿಸುವಷ್ಟರಲ್ಲಿ ಅರ್ಧ ವರ್ಷ ಕಳೆದಿತ್ತು. ಬಾಗಿಲು ತಟ್ಟಿದಾಗ ಒಳಗೆ ಏನೋ ಬಿದ್ದು ಒಡೆಯಿತು. ಯಾರೆಂದು ಮೂರು ಸಲ ಕೇಳಿದ ಮೇಲೆ ಬಾಗಿಲು ತೆರೆಯಿತು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಮಿರ್ಜಾ ಅಂದರು: "ನೀನು ಬರ್ಲಿಲ್ಲ ಅಂತ ಬೇಜಾರಿಲ್ಲಪ್ಪ. ನಾನಾಗಿದ್ರೂ ಬರ್ತಿರ್ಲಿಲ್ಲ." ಆಮೇಲೆ ಚಹಾ ತರಿಸಿದರು. ಹೊಸ ಕಾರ್ಗುಜಾರರು ಹೇಗೆ, ಹಾಕಿಮನ ಮೈ ನೆಟ್ಟಗಿದೆಯೇ ಎಂದು ಪಿಸುಧ್ವನಿಯಲ್ಲಿ ಕೇಳಿದರು. ಧೈರ್ಯ ಮಾಡಿದವರ ಭಯ ಬಿಟ್ಟುಹೋಗುತ್ತದೆಂದು ನಾನು ಹೇಗೋ ನಂಬಿದ್ದೆ. ಅವರ ಭಯ ಒಂದಿಷ್ಟೂ ಕಡಿಮೆಯಾಗಿರಲಿಲ್ಲ.

ದೊಡ್ಡವರ ನಡುವೆ ಕಾಗದ ಹೊತ್ತು ಬದುಕುವ ಇಂಥ ಜನ ಎಲ್ಲ ಬಂದರುಗಳಲ್ಲೂ ಇರುತ್ತಾರೆ. ಹಾಕಿಮರು ಬದಲಾಗುತ್ತಾರೆ; ಕಾನ್ಸಲರು ತಮ್ಮ ದೇಶಕ್ಕೆ ಮರಳಿ ನೆನಪುಗಳನ್ನು ಬರೆಯುತ್ತಾರೆ, ಅವುಗಳಲ್ಲಿ ಇವರಿಗೆ ಅರ್ಧ ಸಾಲೂ ಸಿಕ್ಕುವುದಿಲ್ಲ. ಇವರ ಆಯುಷ್ಯದ ಬಹುಪಾಲು ಭಯದಲ್ಲೇ ಸವೆಯುತ್ತದೆ, ಭಯದಲ್ಲಿ ಇವರು ಮಾಡುವ ಕೇಡೂ ಸಣ್ಣದಲ್ಲ. ಎಲ್ಲೋ ಒಬ್ಬರು, ಯಾವಾಗಲೋ ಒಮ್ಮೆ, ನಡುಗುವ ಬಾಯಿಂದಲೇ ಇದ್ದದ್ದನ್ನು ಇದ್ದಂತೆ ಹೇಳಿಬಿಡುತ್ತಾರೆ. ಅದರಿಂದ ಅವರ ನಡುಕ ನಿಲ್ಲುವುದಿಲ್ಲ, ಹಿಂದಿನ ತಪ್ಪು ಅಳಿಯುವುದಿಲ್ಲ, ಸತ್ತವಳು ಎದ್ದು ಬರುವುದಿಲ್ಲ. ಆದರೆ ಅಷ್ಟು ಹೊತ್ತಿಗೆ ಒಬ್ಬ ಹೆಂಗಸು ಹಡಗು ಹತ್ತಿ ಹೋಗಿರುತ್ತಾಳೆ.