ಅವನ ಪಾಲಿನ ಪಾಠ

ಗಂಡ ಹೆಂಡತಿ ಇಬ್ಬರೂ ಒಂದೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಇಬ್ಬರದೂ ತಾತ್ಕಾಲಿಕ ಕೆಲಸ. ಪ್ರತಿವರ್ಷ ರಜೆ ಮುಗಿಯುವ ಹೊತ್ತಿಗೆ, ಈ ಸಲ ಕರೆಯುತ್ತಾರೋ ಇಲ್ಲವೋ ಎಂದು ಜೀವ ಕೈಯಲ್ಲಿ ಹಿಡಿದು ಕಾಯುವುದು. ಸ್ನಾತಕೋತ್ತರ ಪದವಿ ಇದ್ದವರನ್ನು ಮಾತ್ರ ಕಾಯಂ ಮಾಡುತ್ತೇವೆಂದು ಆಡಳಿತ ಮಂಡಳಿ ಹೇಳಿದ ಮೇಲೆ, ಇಬ್ಬರೂ ದೂರಶಿಕ್ಷಣದಲ್ಲಿ ಎಂ.ಎ.ಗೆ ಸೇರಿದರು. ಅಷ್ಟು ಪುಸ್ತಕ ಓದಲು ಪುರುಸೊತ್ತೆಲ್ಲಿ? ಪಾಠಗಳನ್ನು ಪಾಲು ಮಾಡಿಕೊಂಡರು. ಶಾಲೆ ನಡೆಸುವ ಬಗೆ ಅವಳದು. ಮಗುವಿನ ಮನಸ್ಸು ಬೆಳೆಯುವ ಬಗೆ ಅವನದು. ಓದಿದವರು ಓದದವರಿಗೆ ಊಟದ ಮೇಜಿನ ಮುಂದೆ ಹೇಳಿಕೊಡಬೇಕೆಂಬುದು ಕರಾರು.

ಅವಳು ತನ್ನ ಪಾಲನ್ನು ಹೇಳಿ ಮುಗಿಸಿದಳು. ಅವನು ತನ್ನದನ್ನು ಶುರುಮಾಡುವ ಮೊದಲೇ, ಒಂದು ಬೆಳಿಗ್ಗೆ ಎದೆನೋವೆಂದು ಕೂತವನು ಮತ್ತೆ ಏಳಲಿಲ್ಲ. ದೇವರು ಕೊಟ್ಟದ್ದನ್ನು ದೇವರೇ ಕರೆಸಿಕೊಂಡ. ಯಾಕೆಂದು ನಾವು ಕೇಳಬಹುದು. ಉತ್ತರ ಬರುವವರೆಗೆ ಕಾಯುವಷ್ಟು ಆಯುಸ್ಸು ನಮಗಿಲ್ಲ.

ಪರೀಕ್ಷೆ ಹತ್ತಿರ ಬಂತು. ಅವನ ಪುಸ್ತಕ ತೆರೆದರೆ ಅವನು ಎಳೆದ ಪೆನ್ಸಿಲ್ ಗೆರೆಗಳು. ಎರಡು ಪುಟ ದಾಟುವುದರೊಳಗೆ ಅವಳ ಕಣ್ಣು ಮಂಜಾಗುತ್ತಿತ್ತು.

"ಈ ವಯಸ್ಸಲ್ಲಿ ಓದಿ ಏನು ಕಡಿದು ಗುಡ್ಡೆ ಹಾಕ್ಬೇಕು ಅತ್ತಿಗೆ? ಸುಮ್ಮನೆ ತಲೆ ಕೆಡಿಸ್ಕೋಬೇಡಿ," ಎಂದಳು ನೋಡಲು ಬಂದ ನಾದಿನಿ.

"ಇವಳ ಕೆಲಸ ಹೋದ್ರೆ ನೀನು ತಂದು ಹಾಕ್ತೀಯೇನೇ?" ಎಂದು ಅತ್ತೆಯೇ ಮಗಳ ಬಾಯಿ ಮುಚ್ಚಿಸಿದರು. ಅಂದು ಸಂಜೆ ಪ್ರಾರ್ಥನೆ ಮುಗಿಸಿ ಬಂದವರೇ ಸೊಸೆಯ ಎದುರು ಕೂತರು.

"ನನಗೆ ಹೇಳಿಕೊಡು."

"ನಿಮಗಾ ಅತ್ತೆ?"

"ಯಾರಿಗಾದರೂ ಹೇಳಿದ್ರೆ ತಾನೆ ನಿನ್ನ ತಲೆಗೆ ಹತ್ತೋದು? ನೀನು ಅವನಿಗೆ ಹೇಳಿಕೊಡ್ತಿದ್ದದ್ದನ್ನ ಅಡುಗೆಮನೆಯಿಂದ ನಾನೇನು ಕೇಳಿಸ್ಕೊಂಡಿಲ್ವಾ? ಶುರುಮಾಡು. ನಿದ್ದೆ ಬಂದ್ರೆ ಎಬ್ಬಿಸು."

ಒಂದು ವರ್ಷದ ಹೊತ್ತಿಗೆ ಮಗು ಮೊದಲ ಮಾತು ಆಡುತ್ತದೆ ಎಂದು ಸೊಸೆ ಓದಿದಳು.

"ಎಲ್ಲಿ ಆಡುತ್ತೆ? ನಿನ್ನ ಗಂಡ ಮೂರು ವರ್ಷದವರೆಗೆ ಬಾಯೇ ಬಿಡಲಿಲ್ಲ. ಬಾಯಾರಿದ್ರೆ ನನ್ನ ಕೈ ಎಳ್ಕೊಂಡು ಹೋಗಿ ನೀರಿನ ಪಾತ್ರೆ ಮುಂದೆ ನಿಲ್ಲಿಸ್ತಿದ್ದ."

ಪುಸ್ತಕದ ಒಂದೊಂದು ಮಾತಿಗೂ ಅತ್ತೆಯ ಬಳಿ ಒಂದು ಕತೆಯಿತ್ತು. ಕೆಲವು ಪುಸ್ತಕಕ್ಕೆ ಹೊಂದುತ್ತಿದ್ದವು, ಹಲವು ಹೊಂದುತ್ತಿರಲಿಲ್ಲ. ಕೆಲವಂತೂ ನಾದಿನಿಯ ಬಾಲ್ಯದವೆಂದು ಆಮೇಲೆ ತಿಳಿಯುತ್ತಿತ್ತು. ಆದರೂ ಓದು ತಲೆಗೆ ಹತ್ತಿತು. ಅವಳು ಎಂದೂ ಕಾಣದ ಗಂಡನೊಬ್ಬ ದಿನದಿನಕ್ಕೆ ಬೆಳೆಯುತ್ತ ಮನೆಯಲ್ಲಿ ಓಡಾಡತೊಡಗಿದ.

ಲಿಖಿತ ಪರೀಕ್ಷೆ ದಾಟಿತು. ಮೌಖಿಕ ಪರೀಕ್ಷೆಯ ಕೋಣೆಯಲ್ಲಿ ವಯಸ್ಸಾದ ಪ್ರಾಧ್ಯಾಪಕರೊಬ್ಬರು ಅವಳ ಉತ್ತರಪತ್ರಿಕೆ ತಿರುವಿ ಹಾಕುತ್ತ ಕೇಳಿದರು: "ಮಾತು ತಡವಾಗಿ ಬಂದ ಮಗುವಿನ ಉದಾಹರಣೆ ಕೊಟ್ಟಿದ್ದೀರಿ. ಯಾವ ಪುಸ್ತಕದ್ದು?"

"ಪುಸ್ತಕದ್ದಲ್ಲ ಸರ್. ನಮ್ಮ ಅತ್ತೆ ಹೇಳಿದ್ದು."

"ಆ ಮಗು ಈಗ ಏನು ಮಾಡ್ತಿದೆ?"

"ನನ್ನ ಯಜಮಾನರು ಸರ್. ಹೋದ ವರ್ಷ ತೀರಿಕೊಂಡ್ರು."

ಅವರು ಕನ್ನಡಕ ತೆಗೆದಿಟ್ಟು, ನೀರಿನ ಲೋಟವನ್ನು ಅವಳತ್ತ ಸರಿಸಿದರು. ಆದರೆ ಪ್ರಶ್ನೆ ಬಿಡಲಿಲ್ಲ. "ಅಂಥ ಮಗು ನಿಮ್ಮ ತರಗತಿಗೆ ಬಂದ್ರೆ ಏನು ಮಾಡ್ತೀರಮ್ಮ?"

"ಕೈ ಹಿಡಿದು ಎಲ್ಲಿಗೆ ಎಳೆಯುತ್ತೋ ಅಲ್ಲಿಗೆ ಹೋಗ್ತೀನಿ ಸರ್. ಮಾತು ಆಮೇಲೆ."

ಪದವಿ ಬಂತು. ಶಾಲೆಯವರು ಅವಳನ್ನು ಕಾಯಂ ಮಾಡಿ, ಚಿಕ್ಕ ಮಕ್ಕಳ ವಿಭಾಗವನ್ನೂ ವಹಿಸಿದರು. ಇನ್ನು ರಜೆ ಮುಗಿದಾಗಲೆಲ್ಲ ಎದೆ ಹೊಡೆದುಕೊಳ್ಳಬೇಕಾಗಿಲ್ಲ. ಮನೆಗೆ ಬಂದು ಅವಳು ಎಲ್ಲವನ್ನೂ, ಆ ಪ್ರಾಧ್ಯಾಪಕರ ಮಾತನ್ನೂ ಮೊದಲ ಸಲ ಹೇಳಿದಳು. ಅತ್ತೆ ಕಣ್ಣು ಮುಚ್ಚಿ ದೇವರನ್ನು ನೆನೆದರು. ಆಮೇಲೆ ಥಟ್ಟನೆ ಕಣ್ಣು ತೆರೆದರು.

"ಮೂರು ವರ್ಷ ಮಾತಾಡ್ಲಿಲ್ಲ ಅಂತ ಅಷ್ಟು ದೊಡ್ಡ ಮನುಷ್ಯರ ಮುಂದೆ ಹೇಳಿಬಿಟ್ಯಾ? ನನ್ನ ಮಗನ್ನ ಮಂಕು ಅಂದ್ಕೊಂಡಿರ್ತಾರೆ ಕಣೇ!"

"ಇಲ್ಲ ಅತ್ತೆ, ಅವರು ಹಾಗೆಲ್ಲ..."

"ಏನು ಇಲ್ಲ? ಆಮೇಲೆ ಅವನ ಬಾಯಿ ಮುಚ್ಚಿಸೋಕೆ ಮನೆಮಂದಿಯೆಲ್ಲ ಸೇರಿದ್ರೂ ಆಗ್ತಿರ್ಲಿಲ್ಲ ಅಂತ ಹೇಳೋದಲ್ವಾ?"

ಸೊಸೆಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಆ ಪ್ರಾಧ್ಯಾಪಕರು ಮತ್ತೆಲ್ಲಾದರೂ ಸಿಕ್ಕಿದರೆ ತಪ್ಪದೆ ಹೇಳುತ್ತೇನೆಂದು ಅವಳು ಮಾತು ಕೊಟ್ಟ ಮೇಲೆಯೇ ಅತ್ತೆ, ಸಂಬಳ ಎಷ್ಟೆಂದು ಕೇಳಿದ್ದು.