ಓಮದ ವಾಸನೆಯ ಪಿಯಾಬಾ

ನಾಯಿ ಹಿಡಿಯುವುದು ನನ್ನ ಕೆಲಸ. ಮರಳುನೊಣ ಕಚ್ಚಿ ಕಾಲಾ ಅಜಾರ್ ತಗುಲಿದ ನಾಯಿಗಳ ಪಟ್ಟಿ ಪುರಸಭೆಯಿಂದ ಬರುತ್ತದೆ, ನಾನು ಹಗ್ಗ ಹಿಡಿದು ಹೋಗುತ್ತೇನೆ. ಹೋದ ನಾಯಿ ವಾಪಸ್ ಬರುವುದಿಲ್ಲ. ನನ್ನನ್ನು ಕಂಡರೆ ನಾಯಿಗಳಿಗಿಂತ ಮೊದಲು ಜನ ಬೊಗಳುತ್ತಾರೆ.

ಜೂನ್ ತಿಂಗಳ ಪಟ್ಟಿಯಲ್ಲಿ ಪಿಯಾಬಾನ ಹೆಸರಿತ್ತು. ಅವನು ದೋನಾ ಯೂಫ್ರಾಸಿಯಾ ಸಾಕಿದ ಹಳದಿ ನಾಯಿ. ಆಕೆ ನನ್ನ ಧರ್ಮತಾಯಿ, ಚರ್ಚಿನಲ್ಲಿ ನನ್ನ ತಲೆಗೆ ನೀರು ಹಾಕಿಸುವಾಗ ಎತ್ತಿಕೊಂಡಿದ್ದವರು. ಗಂಡ ಸತ್ತಿದ್ದಾನೆ, ಮಕ್ಕಳಿಲ್ಲ. ಉಳಿದಿರುವುದು ಈ ನಾಯಿ ಮತ್ತು ಗಂಡನ ಸಾರಾಯಿ ಭಟ್ಟಿ.

ಹೋದಾಗ ಆಕೆ ಆ ಭಟ್ಟಿಯಲ್ಲಿ ಆಲೆಕ್ರಿಂ ಸೊಪ್ಪು ಬೇಯಿಸಿ ಎಣ್ಣೆ ಇಳಿಸುತ್ತಿದ್ದರು. ಅಂಗಳವೆಲ್ಲ ಓಮದ ವಾಸನೆ.

"ಆಶೀರ್ವಾದ ಮಾಡಿ ಅಮ್ಮಾ," ಎಂದೆ.

"ದೇವರು ಒಳ್ಳೇದು ಮಾಡ್ಲಿ. ಬೆನ್ನ ಹಿಂದೆ ಏನೋ ಅದು, ಬಾಲಾನಾ?"

ಹಗ್ಗ ತೋರಿಸಿದೆ. ಆಕೆ ನಾಯಿಯ ಹೊಟ್ಟೆಗೆ ಎಣ್ಣೆ ಉಜ್ಜುತ್ತಲೇ ಹೇಳಿದರು: "ಹುಚ್ಚು ಹಿಡೀಬಾರ್ದು ಅಂತ ಎಲ್ಲರ ಹಾಗೆ ಪಿಯಾಬಾ ಅಂತ ಮೀನಿನ ಹೆಸರಿಟ್ಟೆ. ಈ ಹಾಳು ನೊಣಕ್ಕೆ ಯಾವ ಹೆಸರಿಡ್ಬೇಕಿತ್ತೋ ಯಾರೂ ಹೇಳ್ಲಿಲ್ಲ. ರೇಡಿಯೋದಲ್ಲಿ ಡಾಕ್ಟ್ರಮ್ಮ ಹೇಳಿದಾಳೆ, ಈ ಎಣ್ಣೆ ಹಾಕಿದ್ರೆ ರೋಗದ ಹುಳ ಲ್ಯಾಬಿನ ಗಾಜಿನ ತಟ್ಟೇಲಿ ಸತ್ತೇ ಹೋಗತ್ತಂತೆ."

"ಗಾಜಿನ ತಟ್ಟೆ ಬೇರೆ, ನಾಯಿ ಬೇರೆ ಅಮ್ಮಾ. ತಟ್ಟೇಲಿ ಸೋಪಿನ ನೀರು ಹಾಕಿದ್ರೂ ಸಾಯತ್ತೆ."

"ಸೋಪೂ ಹಚ್ತೀನಿ ಬಿಡು. ಸಂತ ಜೊವಾಂವ್ ಹಬ್ಬ ಕಳೀಲಿ, ಮಾರನೇ ದಿನ ನಾನೇ ಇವನನ್ನ ನಿಮ್ಮ ಪುರಸಭೆ ಜೀಪ್ ಹತ್ತಿಸ್ತೀನಿ."

ಒಪ್ಪಿದೆ. ಆ ವಾರ ಬೀದಿಯವರೆಲ್ಲ ಎಣ್ಣೆಗೆ ಸಾಲು ನಿಂತರು. ನಾಯಿ, ಕೋಳಿ, ಕತ್ತೆ, ಕೊನೆಗೆ ಒಬ್ಬ ಅತ್ತೆ, ಎಲ್ಲರಿಗೂ ಹಚ್ಚಿದ್ದಾಯಿತು. ಪಾದ್ರಿಗಳು ಪ್ರಸಂಗದ ಮಧ್ಯೆ ಈ ವಾಸನೆಗೆ ಹಸಿವಾಗುತ್ತಿದೆ ಎಂದು ಹೊರಟೇ ಹೋದರು.

ಹಬ್ಬದ ಸಂಜೆ ಮನೆಮನೆಯ ಮುಂದೆ ಬೆಂಕಿ. ದೋನಾ ಯೂಫ್ರಾಸಿಯಾ ನನ್ನ ತೋಳು ಹಿಡಿದರು: "ಬಾರೋ, ನನ್ನ ಮೊಮ್ಮಗನಿಗೆ ಧರ್ಮಪಿತ ಬೇಕು."

ಈ ಬೆಂಕಿಯ ಸುತ್ತ ಮಗುವಿನ ಕೈ ಹಿಡಿದು ಮೂರು ಸುತ್ತು ಬಂದು ಸಂತರ ಹೆಸರು ಹೇಳಿದರೆ ಮುಗಿಯಿತು, ಆ ಧರ್ಮಪಿತನ ನಂಟು ಸಾಯುವ ತನಕ. ಅದನ್ನು ಬಿಡಿಸಲು ಪಾದ್ರಿಗಳಿಗೂ ಆಗುವುದಿಲ್ಲ. ಮಕ್ಕಳಿಲ್ಲದವರಿಗೆ ಮೊಮ್ಮಗ ಎಲ್ಲಿಂದ ಎಂದು ಕೇಳುವಷ್ಟು ಬುದ್ಧಿ ಮೂರು ಲೋಟ ಶುಂಠಿ ಸಾರಾಯಿಯ ನಂತರ ನನಗೆ ಉಳಿದಿರಲಿಲ್ಲ. ಹೊಗೆಯಲ್ಲಿ ಒಂದು ಹುಲ್ಲಿನ ಟೋಪಿ, ಒಂದು ಚೌಕಳಿ ಅಂಗಿ ಕಂಡವು. ಕೈ ಸ್ವಲ್ಪ ರೋಮದ್ದೇ. ಅಪ್ಪನ ಕಡೆಯವರ ಹಾಗಿರಬೇಕು ಎಂದುಕೊಂಡೆ. ಓಮದ ವಾಸನೆಯಂತೂ ಊರಿಗೆಲ್ಲ ಇತ್ತು.

ಮೂರನೇ ಸುತ್ತು ಮುಗಿದಾಗ ಧರ್ಮಪುತ್ರ ನನ್ನ ಮೂಗು ನೆಕ್ಕಿದ.

ಮಾರನೇ ಬೆಳಿಗ್ಗೆ ಮೇಲ್ವಿಚಾರಕರೂ ಜೀಪಿನಲ್ಲಿ ಬಂದಿದ್ದರು. ದೋನಾ ಯೂಫ್ರಾಸಿಯಾ ತಾವೇ ಹಗ್ಗ ಕಟ್ಟಿ ಪಿಯಾಬಾನನ್ನು ತಂದರು. ತಲೆಯ ಮೇಲೆ ಇನ್ನೂ ಟೋಪಿ.

"ಕರ್ಕೊಂಡ್ ಹೋಗು. ನಾನು ಮಾತಿಗೆ ತಪ್ಪೋಳಲ್ಲ," ಎಂದರು. ಮುಖ ಆ ಕಡೆ ತಿರುಗಿಸಿಕೊಂಡರು. ನನಗೆ ಸಂಕಟವಾಯಿತು, ಹೀಗೆ ಸಿಕ್ಕಿಸಿದರಲ್ಲ ಎಂದು ಸಿಟ್ಟೂ ಬಂತು.

ಬೀದಿಯವರು ಬಾಗಿಲುಗಳಲ್ಲಿ ನಿಂತಿದ್ದರು. ಅಂದು ಯಾರೂ ಬೊಗಳಲಿಲ್ಲ. ಪಿಯಾಬಾ ಕುಳಿತು ಮುಂಗಾಲೆತ್ತಿ ನನ್ನ ಕೈಮೇಲಿಟ್ಟ. ನಮ್ಮಲ್ಲಿ ಮಕ್ಕಳು ಆಶೀರ್ವಾದ ಕೇಳುವುದು ಕೈ ಮುಂದೆ ಚಾಚಿಯೇ. ಬಾಯಿ ತಾನಾಗಿ ಹೇಳಿಬಿಟ್ಟಿತು: "ದೇವರು ನಿನ್ನ ಕಾಯ್ಲಿ ಮಗನೇ."

ಹಾಗೆಂದ ಮೇಲೆ ಯಾವ ಮುಖ ಇಟ್ಟುಕೊಂಡು ಜೀಪ್ ಹತ್ತಿಸಲಿ? ಫಾರಂ ತೆಗೆದು, 'ನಾಯಿ ಒಪ್ಪಿಸದಿರಲು ಕಾರಣ' ಎಂಬಲ್ಲಿ ಬರೆದೆ: ಧರ್ಮಪಿತ ಒಪ್ಪಲಿಲ್ಲ, ಪಶುವೈದ್ಯರಿಂದ ಚಿಕಿತ್ಸೆ ಕೊಡಿಸುತ್ತಾರಂತೆ.

"ಯಾರ್ರೀ ಅವನು ಧರ್ಮಪಿತ?" ಮೇಲ್ವಿಚಾರಕರು ಗದರಿದರು.

"ನಾನೇ ಸರ್," ಎಂದು ನಾಯಿ ಹಿಡಿಯುವವನ ಜಾಗ, ನಾಯಿಯ ಕಡೆಯವರ ಜಾಗ, ಎರಡೂ ಕಡೆ ಸಹಿ ಹಾಕಿದೆ.

ಈಗ ಬೆಳಿಗ್ಗೆ ವೈದ್ಯರ ಔಷಧ ಕುಡಿಸುತ್ತೇನೆ. ಸಂಜೆ ಕುಳಿತು ಎಣ್ಣೆ ಉಜ್ಜುತ್ತೇನೆ. ಗಾಜಿನ ತಟ್ಟೆ ಬೇರೆ, ನಾಯಿ ಬೇರೆ ಎಂದು ಉಜ್ಜುವಾಗಲೂ ಹೇಳುತ್ತೇನೆ.

"ಮಾತು ಸಾಕು," ಎನ್ನುತ್ತಾರೆ ಧರ್ಮತಾಯಿ, "ಕಿವಿ ಹಿಂದೆ ಬಿಟ್ಟಿದೀಯ ನೋಡು."

ಕಿವಿಯ ಹಿಂದೆಯೂ ಹಚ್ಚುತ್ತೇನೆ.